ಮತ ಕೊಟ್ಟು ಮಾತು ಬಿಟ್ಟರೆ?

1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ನಾಡಿಗೇ ಒಂದು ಪಾಠ ಹೇಳಿದರು. ಹಿಂದೆ ಮುಖ್ಯಮಂತ್ರಿಗಳಾಗಿದ್ದ, ಮತ್ತೆ ಆ ಪದವಿಗೆ ಏರಲು ಹೊರಟಿದ್ದ ಶ್ರೀ ಎಸ್. ನಿಜಲಿಂಗಪ್ಪನವರನ್ನು ಸೋಲಿಸಿ, ಪ್ರಜಾ ಸೋಷಲಿಸ್ಟ್ ಪಕ್ಷದ ಶ್ರೀ ಜಿ. ಟಿ. ರಂಗಪ್ಪನವರನ್ನು ವಿಧಾನಸಭೆಗೆ ಕಳುಹಿಸಿದರು. ಮಾರ್ಚಿಯಿಂದ ಜೂನ್‌ವರೆಗೆ ಶ್ರೀ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಗಳಾಗಿದ್ದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆಯೇ ಆ ಕುರ್ಚಿಯಲ್ಲಿ ಕುಳಿತರು. ಎಷ್ಟೇ ದೊಡ್ಡವರಾದರೂ ಜನರ ಒಪ್ಪಿಗೆ ಪಡೆಯಲೇಬೇಕು ಎಂಬುದು ಸಂವಿಧಾನದ ಕಟ್ಟಳೆ.

ಆದರೆ ಯಾರು ಆಳಬೇಕೆಂಬುದನ್ನಷ್ಟೇ ಮತವು ಹೇಳುತ್ತದೆ. ಹೇಗೆ ಆಳಬೇಕೆಂಬುದು ಚರ್ಚೆಯಲ್ಲಿ ತೀರ್ಮಾನವಾಗಬೇಕು. ಸಂವಿಧಾನವೇ ಚರ್ಚೆಯಿಂದ ಹುಟ್ಟಿತಲ್ಲವೇ? ಅದರ ಕರಡಿಗೆ 7,635 ತಿದ್ದುಪಡಿಗಳ ಸೂಚನೆ ಬಂದು, 2,473 ಸಭೆಯಲ್ಲಿ ಮಂಡನೆಯಾದವೆಂದು 1949ರ ನವೆಂಬರಿನಲ್ಲಿ ಡಾ. ಅಂಬೇಡ್ಕರರು ಲೆಕ್ಕ ಒಪ್ಪಿಸಿದರು.

ಇಂದಿನ ಸ್ಥಿತಿಯೇನು? ವರ್ಷಕ್ಕೆ 60 ದಿನಗಳಿಗೆ ಕಡಿಮೆಯಿಲ್ಲದಂತೆ ಸಭೆ ನಡೆಯಬೇಕೆಂದು ಕರ್ನಾಟಕದ ವಿಧಾನಮಂಡಲವು 2005ರಲ್ಲಿ ಕಾಯಿದೆ ಮಾಡಿತು. ತಾನೇ ಮಾಡಿದ ಕಾಯಿದೆಯನ್ನು ಮೇಲಿಂದ ಮೇಲೆ ತಾನೇ ಮುರಿದಿದೆ. ಗಿರಣಿಯ ಕೆಲಸಗಾರ ಒಂದು ದಿನ ಹಾಜರಿ ತಪ್ಪಿಸಿದರೆ ಕೂಲಿ ಕಡಿತ. ಸಭೆಯೇ ಹಾಜರಿ ತಪ್ಪಿಸಿದರೆ ಕೇಳುವವರಾರು?

ಇದು ಬೆಂಗಳೂರಿನ ಮಾತು, ನಮಗೇಕೆ ಎನ್ನುವಂತಿಲ್ಲ. ಎ.ಪಿ.ಎಂ.ಸಿ. ಯಾರ್ಡಿನ ಹೊರಗೂ ರೈತರ ಮಾಲು ಕೊಳ್ಳಲು ಅವಕಾಶ ಕೊಟ್ಟ ತಿದ್ದುಪಡಿ 2020ರಲ್ಲಿ ಮೊದಲು ಬಂದದ್ದು ಸುಗ್ರೀವಾಜ್ಞೆಯಾಗಿ. ಸಭೆ ಸೇರಿಲ್ಲದಾಗ ತುರ್ತಿಗೆಂದು ಸಂವಿಧಾನದ 213ನೇ ವಿಧಿ ಕೊಟ್ಟ ಅಧಿಕಾರವದು. ಮಂಡಿಯವರ, ಹಮಾಲರ, ರೈತರ ಬದುಕಿನ ವಿಷಯ. ಸಭೆಯಲ್ಲಿ ಮಾತಾಗುವ ಮುಂಚೆಯೇ ಜಾರಿ! 2023ರಲ್ಲಿ ಕಾರ್ಖಾನೆ ಕಾಯಿದೆ ತಿದ್ದಿ, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಲಾಯಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕೆಂದು ಅದರಲ್ಲಿತ್ತು, ನಿಜ. ಧಣಿಯ ಮುಂದೆ ಒಂಟಿಯಾಗಿ ನಿಂತವನ ಒಪ್ಪಿಗೆಗೆ ಬೆಲೆಯೆಷ್ಟು? ಈ ಪ್ರಶ್ನೆಯನ್ನು ದಿನಗಟ್ಟಲೆ ಕೇಳಬೇಕಾದ ಜಾಗ ವಿಧಾನಸಭೆ.

ಗದ್ದಲವನ್ನು ಚರ್ಚೆಯೆಂದು ನಾವು ಒಪ್ಪುವುದಿಲ್ಲ. ಬೈಗುಳಕ್ಕೆ ಚಪ್ಪಾಳೆ ತಟ್ಟುವುದೂ ತಪ್ಪು, ಬೈದವರು ನಮ್ಮ ಪಕ್ಷದವರೇ ಆದರೂ ಸರಿಯೆ. ಅಂಕಿ ಅಂಶಗಳನ್ನು ಮುಂದಿಟ್ಟು, ಎದುರಾಳಿಯ ಮಾತನ್ನು ಪೂರ್ತಿ ಕೇಳಿ ಉತ್ತರ ಕೊಡುವುದೇ ಚರ್ಚೆ.

ಆದುದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಹಾಜನರಲ್ಲಿ ನಮ್ಮದೊಂದು ಬಿನ್ನಹ. ಶಾಸಕರು ಊರಿಗೆ ಬಂದಾಗ ಹಾರ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ. ಈ ವರ್ಷ ಸಭೆ ಎಷ್ಟು ದಿನ ನಡೆಯಿತು? ತಾವು ಎಷ್ಟು ದಿನ ಕುಳಿತಿದ್ದಿರಿ? ನಮ್ಮ ಕೂಲಿಯ ಬಗ್ಗೆ, ನಮ್ಮ ವ್ಯಾಪಾರದ ಬಗ್ಗೆ ಏನು ಮಾತಾಡಿದಿರಿ? ಕೊಟ್ಟ ಉತ್ತರವನ್ನು ಬರೆದಿಟ್ಟುಕೊಳ್ಳಿ. ಹೊಸದುರ್ಗದ ಜನ 1962ರಲ್ಲಿ ಒಂದು ದಿನ ತೋರಿದ ಎಚ್ಚರವನ್ನು ನಾವು ವರ್ಷವಿಡೀ ತೋರಬೇಕು.