ಕೋವಿ ಇರಲಿ, ಬೇಟೆ ಬೇಡ



ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಛಾಯಾಚಿತ್ರವನ್ನು ಕಳುಹಿಸಿದ್ದ. ರಾಕಿ ಪರ್ವತದ ಬಂಡೆಗಳ ನಡುವೆ ಹದಿನಾರು ಹದಿನೇಳರ ಹುಡುಗನೊಬ್ಬ, ಸುರುಳಿ ಸುತ್ತಿದ ಭಾರಿ ಕೊಂಬುಗಳ ಕಾಡುಟಗರಿನ ತಲೆಯನ್ನು ಎತ್ತಿ ಹಿಡಿದು ಕುಳಿತಿದ್ದಾನೆ. ಹಿಂದೆ ಅವನ ತಂದೆ, ಚಿಕ್ಕಪ್ಪ, ಗೆಳೆಯರು ನಗುತ್ತ ನಿಂತಿದ್ದಾರೆ. ಆ ಟಗರಿಗೆ ಅಲ್ಲಿ ಬಿಗ್‌ಹಾರ್ನ್ ಎಂದು ಹೆಸರು. ಚಿತ್ರದ ಜೊತೆಗೆ ಒಂದು ಪ್ರಶ್ನೆಯೂ ಇತ್ತು: "ಸಾರ್, ಇಲ್ಲಿ ಇದು ಗೌರವ. ನಮ್ಮ ಕೊಡಗಿನಲ್ಲಿ ಹುಡುಗನೊಬ್ಬ ಒಂದು ಕಾಡುಕುರಿ ಹೊಡೆದರೆ ಜೈಲು. ಬೇಟೆ ನಮ್ಮ ರಕ್ತದಲ್ಲೇ ಇರುವಾಗ ನಮಗೇಕೆ ಈ ಅನ್ಯಾಯ?"

ಈ ಪ್ರಶ್ನೆ ಅವನೊಬ್ಬನದಲ್ಲ. ಮದುವೆ ಮನೆಗಳಲ್ಲಿ, ಕೈಲ್‌ಪೊಳ್ದ್ ಹಬ್ಬದ ಊಟದ ಸಾಲಿನಲ್ಲಿ, ಕಾಫಿ ತೋಟದ ಕಣದಲ್ಲಿ ಇದನ್ನು ನಾನು ಹಲವು ಬಾರಿ ಕೇಳಿದ್ದೇನೆ. ಆದ್ದರಿಂದ ಉತ್ತರವನ್ನೂ ಎಲ್ಲರ ಮುಂದೆಯೇ ಹೇಳುವುದು ಯುಕ್ತ. ಕೋವಿ ನಮ್ಮಲ್ಲಿ ಉಳಿಯಬೇಕು, ಬೇಟೆ ಮರಳಿ ಬರಕೂಡದು. ಬೇಟೆಯನ್ನು ಬಿಡದಿದ್ದರೆ ಕೋವಿಯೂ ಉಳಿಯಲಾರದು. ಇದು ನನ್ನ ನಿಲುವು. ಒಪ್ಪದವರು ಕೋಪಿಸಿಕೊಳ್ಳದೆ ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

ಕೊಡಗಿನ ಬದುಕಿನಲ್ಲಿ ಬೇಟೆಗೆ ಇದ್ದ ಸ್ಥಾನವನ್ನು ನಾನು ಅಲ್ಲಗಳೆಯುತ್ತಿಲ್ಲ. ಗಂಡು ಮಗು ಹುಟ್ಟಿದಾಗ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ ಕೂಸಿನ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಿದ್ದ ನಾಡು ಇದು. ಸಾವಿನ ಸುದ್ದಿಯನ್ನು ಊರಿಗೆ ತಿಳಿಸಿದ್ದೂ ಕೋವಿಯೇ; ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಮೊಳಗುವುದೂ ಕೋವಿಯೇ. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್‌ನಲ್ಲಿ ಆಯುಧಗಳನ್ನು ತೊಳೆದು, ತೋಕ್ ಪೂ ಮುಡಿಸಿ, ದೀಪದ ಮುಂದಿಟ್ಟು ಪೂಜಿಸುತ್ತೇವೆ. ಹುಲಿಯನ್ನು ಕೊಂದ ವೀರನನ್ನು ಸತ್ತ ಹುಲಿಯ ಪಕ್ಕದಲ್ಲಿ ಮದುಮಗನಂತೆ ಕೂರಿಸಿ ನಡೆಸುತ್ತಿದ್ದ ನರಿ ಮಂಗಲವನ್ನು ಓದಿ ತಿಳಿಯಬೇಕೆನ್ನುವವರಿಗೆ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ' ಇದೆ. ಇವೆಲ್ಲ ಸತ್ಯ, ಇವೆಲ್ಲ ನಮ್ಮ ಸ್ವತ್ತು.

ಆದರೆ ಆ ಬೇಟೆ ಎಂಥದಾಗಿತ್ತು ಎಂಬುದನ್ನೂ ನೆನಪಿಡಬೇಕಲ್ಲವೇ? ನಾನು ಸೇವೆಗೆ ಸೇರಿದ ಎಂಬತ್ತರ ದಶಕದಲ್ಲಿ ಹಳೆಯ ಬೇಟೆಗಾರರು ಇನ್ನೂ ನಮ್ಮ ನಡುವೆ ಇದ್ದರು. ಸಂಜೆ ಜಗಲಿಯಲ್ಲಿ ಕುಳಿತು ಅವರು ಹೇಳುತ್ತಿದ್ದ ಕಥೆಗಳಲ್ಲಿ ಗುಂಡು ಹೊಡೆದ ಕ್ಷಣಕ್ಕಿಂತ ಗುಂಡು ಹೊಡೆಯದೆ ಬಂದ ದಿನಗಳೇ ಹೆಚ್ಚು. ಬೇಟೆಗೆ ಒಬ್ಬ ಹಿರಿಯ ಇರುತ್ತಿದ್ದ. ಅವನ ಮಾತು ಮೀರುವಂತಿರಲಿಲ್ಲ. ಹುಡುಗನಾದವನು ಮೊದಲ ಕೆಲವು ವರ್ಷ ಕೋವಿ ಮುಟ್ಟದೆ ನಾಯಿಗಳ ಹಗ್ಗ ಹಿಡಿದು, ಕಾಡು ಸೋವುವವರ ಜೊತೆ ಕೂಗುತ್ತ ನಡೆಯಬೇಕಿತ್ತು. ಯಾರು ಎಲ್ಲಿ ನಿಲ್ಲಬೇಕು, ಯಾವ ದಿಕ್ಕಿಗೆ ಗುಂಡು ಹಾರಿಸಕೂಡದು ಎಂಬುದು ಮೊದಲೇ ನಿಗದಿಯಾಗಿರುತ್ತಿತ್ತು. ಗಬ್ಬದ ಪ್ರಾಣಿ ಎದುರಾದರೆ ಕೋವಿ ಕೆಳಗಿಳಿಯುತ್ತಿತ್ತು. ಸಿಕ್ಕಿದ್ದರಲ್ಲಿ ಹೊಡೆದವನಿಗೊಂದು ಪಾಲು, ಸೋವಿದವರಿಗೊಂದು ಪಾಲು, ನಾಯಿಗೂ ಒಂದು ಪಾಲು. ಇದು ಒಂದು ಪಾಠಶಾಲೆ. ಅಲ್ಲಿ ಕಲಿಸುತ್ತಿದ್ದುದು ಕೊಲ್ಲುವುದನ್ನಲ್ಲ. ಕಾಯುವುದನ್ನು, ಹಿರಿಯರ ಮಾತು ಕೇಳುವುದನ್ನು, ಹಂಚಿಕೊಳ್ಳುವುದನ್ನು.

ಇಂದು 'ಸಂಪ್ರದಾಯ' ಎಂಬ ಹೆಸರಿನಲ್ಲಿ ನಡೆಯುತ್ತಿರುವುದೇನು? ರಾತ್ರಿ ಹನ್ನೊಂದಕ್ಕೆ ಜೀಪು ಹೊರಡುತ್ತದೆ. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿಗೆ ಕಣ್ಣು ಕೋರೈಸಿ ನಿಂತ ಪ್ರಾಣಿಗೆ ಗುಂಡು ಬೀಳುತ್ತದೆ. ಅದು ಗಂಡೋ ಹೆಣ್ಣೋ ನೋಡುವವರಿಲ್ಲ. ಇನ್ನು ಕೆಲವರಿಗೆ ಅಷ್ಟು ಶ್ರಮವೂ ಬೇಡ. ಸ್ಕೂಟರಿನ ಬ್ರೇಕ್ ತಂತಿಯಿಂದ ಉರುಳು ಮಾಡಿ ಬೇಲಿಗೆ ಕಟ್ಟಿ ಮಲಗುತ್ತಾರೆ. ಹಂದಿಗೆಂದು ಕಟ್ಟಿದ ಉರುಳಿಗೆ ಚಿರತೆ ಬಿದ್ದು ನರಳಿ ಸಾಯುತ್ತದೆ. ಹಂದಿಗೆಂದಿಟ್ಟ ಸಿಡಿಮದ್ದಿನ ಉಂಡೆಯನ್ನು ಕಚ್ಚಿದ ದನ ಬಾಯಿ ಒಡೆದುಕೊಂಡು ನಿಲ್ಲುತ್ತದೆ. ಮಾಂಸ ನೆರೆಹೊರೆಗೆ ಹಂಚಿಕೆಯಾಗುವುದಿಲ್ಲ, ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಇದು ಯಾವ ಪಟ್ಟೋಲೆಯಲ್ಲಿದೆ? ಯಾವ ಐನ್‌ಮನೆಯ ಹಿರಿಯ ಇದನ್ನು ಕಲಿಸಿದ? ಇದನ್ನು ಸಂಪ್ರದಾಯ ಎಂದು ಕರೆಯುವವರು ಬೇಟೆಯಾಡುತ್ತಿರುವುದು ಪ್ರಾಣಿಯನ್ನಷ್ಟೇ ಅಲ್ಲ, ಸಂಪ್ರದಾಯವನ್ನೂ.

"ಹಾಗಾದರೆ ಹಳೆಯ ಕ್ರಮದಲ್ಲೇ ಬೇಟೆಯಾಡಿದರೆ?" ಎಂದು ಕೇಳುವಿರಿ. ಹಳೆಯ ಕ್ರಮಕ್ಕೆ ಹಳೆಯ ಕಾಡು ಬೇಕು. ಹಾಲೇರಿ ಅರಸರ ಕಾಲದ ಶಾಸನವೊಂದು, 38 ತಿಂಗಳಲ್ಲಿ 233 ಆನೆಗಳನ್ನು ಕೊಂದು 181 ಆನೆಗಳನ್ನು ಜೀವಂತ ಹಿಡಿದ ಲೆಕ್ಕವನ್ನು ಹೆಮ್ಮೆಯಿಂದ ಹೇಳುತ್ತದೆ. ಕಾಡಿಗೆ ಕೊನೆಯೇ ಇಲ್ಲವೆಂದು ನಂಬಿದ್ದ ಕಾಲವದು. ಆ ನಂಬಿಕೆಯಿಂದಲೇ ದೇಶದುದ್ದಕ್ಕೂ ಕಾಡು ಬರಿದಾಯಿತು. ಕಡೆಗೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1991ರ ತಿದ್ದುಪಡಿಯಿಂದ ಪರವಾನಗಿಯ ಬೇಟೆಯೂ ನಿಂತಿತು. ನಮ್ಮ ನಾಗರಹೊಳೆಯಲ್ಲಿ ಇಂದು ಹುಲಿಯೂ ಕಾಟಿಯೂ ಕಾಣುವುದು ಯಾರ ಪುಣ್ಯದಿಂದ? ಕೊಡಗಿನವರೇ ಆದ ಕೆ.ಎಂ. ಚಿಣ್ಣಪ್ಪನವರು 1967ರಲ್ಲಿ ಅರಣ್ಯ ಇಲಾಖೆ ಸೇರಿ, ಕಳ್ಳಬೇಟೆಗಾರರೊಡನೆ ಹಗಲಿರುಳು ಸೆಣಸಿ ಆ ಕಾಡನ್ನು ಉಳಿಸಿದರು. 1992ರಲ್ಲಿ ಆ ಕಾಡಿಗೇ ಬೆಂಕಿ ಹಚ್ಚಿದ ಜನರೂ ಇದ್ದರು. ಮರುವರ್ಷ ಅವರು ಸೇವೆಯನ್ನು ಬಿಟ್ಟರು. 2024ರಲ್ಲಿ ನಮ್ಮನ್ನು ಅಗಲಿದರು. ವೀರ ಎಂಬ ಪದಕ್ಕೆ ಅರ್ಥ ಹುಡುಕುವ ತರುಣರು ಈ ಒಬ್ಬರ ಬದುಕನ್ನು ನೋಡಿದರೆ ಸಾಕು. ಕೊಲ್ಲುವುದಕ್ಕಿಂತ ಕಾಯುವುದಕ್ಕೆ ಹೆಚ್ಚು ಎದೆಗಾರಿಕೆ ಬೇಕೆಂದು ತಿಳಿಯುತ್ತದೆ.

ಇನ್ನು ಅಮೆರಿಕದ ಮಾತು. ಅಲ್ಲಿಯ ಚಿತ್ರವನ್ನು ತೋರಿಸುವವರು ಅಲ್ಲಿಯ ಕಟ್ಟುಪಾಡನ್ನು ತೋರಿಸುವುದಿಲ್ಲ. ಅಲ್ಲಿಯೂ ಮಿತಿಯಿಲ್ಲದ ಬೇಟೆಯಿಂದ, ಸಾಕುಕುರಿಗಳಿಂದ ತಗುಲಿದ ರೋಗದಿಂದ ಈ ಟಗರುಗಳು ಬಹುತೇಕ ನಾಶವಾಗಿದ್ದವು. ಅವು ಮರಳಿ ಬಂದದ್ದು ಕಟ್ಟುನಿಟ್ಟಿನಿಂದ. ಇಂತಿಷ್ಟೇ ಟಗರು ಎಂದು ಎಣಿಸಿ ಅಷ್ಟೇ ಚೀಟಿಗಳನ್ನು ಲಾಟರಿ ಎತ್ತಿ ಕೊಡುತ್ತಾರೆ. ಒಂದು ಚೀಟಿಗಾಗಿ ಹತ್ತಿಪ್ಪತ್ತು ವರ್ಷ ಕಾದವರಿದ್ದಾರೆ, ಆಯುಷ್ಯವಿಡೀ ಕಾದು ಸಿಗದವರೂ ಇದ್ದಾರೆ. ಹುಡುಗರು ಸುರಕ್ಷತೆಯ ಪಾಠ ಓದಿ ತೇರ್ಗಡೆಯಾಗಬೇಕು. ಹೊಡೆದ ಟಗರಿನ ಕೊಂಬನ್ನು ಅಧಿಕಾರಿಗಳಿಗೆ ಒಪ್ಪಿಸಿ, ಅದರ ಉಂಗುರ ಎಣಿಸಿ ವಯಸ್ಸು ಬರೆಸಿ, ಗುರುತು ಹಾಕಿಸಿಕೊಳ್ಳಬೇಕು. ಕಾಡುಮಾಂಸವನ್ನು ಮಾರುವಂತಿಲ್ಲ. 1937ರ ಕಾಯ್ದೆಯೊಂದರ ಪ್ರಕಾರ ಬೇಟೆಯ ಬಂದೂಕು, ತೋಟೆಗಳ ಮೇಲೆ ಶೇಕಡಾ 11ರ ತೆರಿಗೆ ವಸೂಲಾಗಿ ಕಾಡುಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ. ಆ ಪದ್ಧತಿ ಸರಿಯೇ ತಪ್ಪೇ ಎಂಬ ಚರ್ಚೆ ಅಲ್ಲಿಯೇ ಇದೆ, ಅದು ಬೇರೆ ವಿಷಯ. ನಾನು ಕೇಳುವುದಿಷ್ಟೇ: ಇಪ್ಪತ್ತು ವರ್ಷ ಸರತಿಯಲ್ಲಿ ನಿಲ್ಲಲು ನಾವು ಸಿದ್ಧರಿದ್ದೇವೆಯೇ? ಸಿನಿಮಾ ಟಿಕೆಟ್ಟಿನ ಸರತಿಯಲ್ಲೇ ನಿಲ್ಲದ ನಾವು! ಅವರ ಶಿಸ್ತನ್ನು ಬಿಟ್ಟು ಅವರ ಫೋಟೋವನ್ನು ಮಾತ್ರ ತೆಗೆದುಕೊಳ್ಳುವುದು ನಕಲು ಹೊಡೆದು ಪಾಸಾಗುವ ವಿದ್ಯಾರ್ಥಿಯ ಬುದ್ಧಿ. ಅದನ್ನು ನಾನು ತರಗತಿಯಲ್ಲಿಯೂ ಒಪ್ಪಿದವನಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಕೋವಿಯದು. 1861ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಕೊಡಗರಿಗೆ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತವೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಮುಂದುವರಿಸಿತು. ಅದು ಪ್ರಶ್ನೆಗೊಳಗಾದಾಗ 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಗಮನಿಸಿ: 2019ರ ಕೇಂದ್ರ ಅಧಿಸೂಚನೆಯ ಅವಧಿ ಮುಗಿಯುವುದು 2029ರ ಅಕ್ಟೋಬರ್ 31ಕ್ಕೆ. ಈ ವಿನಾಯಿತಿ ನಿಂತಿರುವುದು ನಂಬಿಕೆಯ ಮೇಲೆ. ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡವೆಂದರೆ ಕಾಡಿನಲ್ಲಿ ಅದನ್ನು ಹಾರಿಸಲು ಅನುಮತಿ ಇದೆಯೆಂದು ಅರ್ಥವಲ್ಲ. ವಿನಾಯಿತಿಯ ಕೋವಿಯಿಂದ ಹಾರಿದ ಒಂದೊಂದು ಕಳ್ಳ ಗುಂಡೂ ನಾಳೆ ಈ ಹಕ್ಕಿನ ವಿರುದ್ಧ ವಾದಿಸುವ ವಕೀಲರ ಕೈಗೆ ನಾವೇ ಕೊಡುವ ಸಾಕ್ಷಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಇಲ್ಲಿ ಪಣಕ್ಕಿರುವುದು ಹಕ್ಕು ಮಾತ್ರವಲ್ಲ, ಮಕ್ಕಳ ಬದುಕು. ಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಎಷ್ಟು ಸಲ ಓದಿಲ್ಲ? ನನ್ನ ಬಳಿ ಹತ್ತನೆಯ ತರಗತಿ ಓದಿದ ಹುಡುಗನೊಬ್ಬ, ಹೆಸರು ಹೇಳಲಾರೆ, ಹಬ್ಬದ ಮರುರಾತ್ರಿ ನೆಂಟರೊಡನೆ ಹೋಗಿ ಕಾಫಿ ಗಿಡದ ಮರೆಯಲ್ಲಿ ಅಲುಗಾಡಿದ ಕಪ್ಪು ಆಕೃತಿಗೆ ಗುಂಡು ಹಾರಿಸಿದ. ಬಿದ್ದವನು ಅವನ ಸೋದರಮಾವನ ಮಗ. ಆ ಮನೆಯ ಜಗಲಿಯಲ್ಲಿ ನಾನು ಅರ್ಧ ಗಂಟೆ ಕುಳಿತಿದ್ದೆ. ಯಾರೂ ಮಾತಾಡಲಿಲ್ಲ. ಹುಡುಗನ ತಾಯಿ ಒಳಗಿನಿಂದ ಬಂದು, "ಸಾರ್, ಅತ್ತ ಅಣ್ಣನ ಮನೆಗೆ ಹೋಗಲೋ, ಇತ್ತ ಸ್ಟೇಷನ್ನಿಗೆ ಹೋಗಲೋ?" ಎಂದು ಕೇಳಿದರು. ಮೂವತ್ತೊಂದು ವರ್ಷ ಪಾಠ ಹೇಳಿದವನ ಬಳಿ ಉತ್ತರವಿರಲಿಲ್ಲ. ಬೇಟೆ ರಕ್ತದಲ್ಲಿದೆ ಎನ್ನುವವರು ಆ ಅಂಗಳಕ್ಕೆ ಹೋಗಿ ಆ ಮಾತನ್ನು ಒಮ್ಮೆ ಹೇಳಿ ಬರಲಿ.

ಬೆಳೆಯ ಮಾತನ್ನು ಎತ್ತುವವರಿದ್ದಾರೆ, ಅದು ನ್ಯಾಯವಾದ ಮಾತು. ಒಂದು ರಾತ್ರಿಯಲ್ಲಿ ಹಂದಿಯ ಹಿಂಡು ಗದ್ದೆಯನ್ನು ಉತ್ತು ಹಾಕುವುದನ್ನು ನಾನೂ ಕಂಡಿದ್ದೇನೆ. ಹಂದಿಯ ಕಾಟಕ್ಕೆ ಬೇಸತ್ತು ಗದ್ದೆಯನ್ನೇ ಪಾಳು ಬಿಟ್ಟವರು ನಮ್ಮಲ್ಲಿದ್ದಾರೆ. ಆನೆಗಳಿಂದ ತೋಟದ ಕಾರ್ಮಿಕರು ಪ್ರಾಣ ಕಳೆದುಕೊಳ್ಳುತ್ತಿದ್ದಾರೆ. ಇದಕ್ಕೆ ಪರಿಹಾರ ಬೇಕೇ ಬೇಕು. ಆದರೆ ಆ ಪರಿಹಾರ ಹಬ್ಬದ ರಾತ್ರಿಯ ಜೀಪಿನಲ್ಲಿಲ್ಲ. ಕಾಡುಹಂದಿ ಈಗ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಅಂಥ ಪ್ರಾಣಿಯನ್ನು ಕೊಲ್ಲಲು ಲಿಖಿತ ಅನುಮತಿ ಕೊಡುವ ಅಧಿಕಾರ ಅದೇ ಕಾಯ್ದೆಯ 11ನೆಯ ಕಲಮಿನಲ್ಲಿದೆ. ನೆರೆಯ ಕೇರಳ 2022ರಲ್ಲಿ ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳವರೆಗೆ ಇಳಿಸಿತು. ನಾವೂ ಗ್ರಾಮಸಭೆಯಲ್ಲಿ ನಿಂತು, ಹಾನಿಯ ಲೆಕ್ಕ ಬರೆದು, ಪರಿಹಾರವನ್ನೂ ಅಗತ್ಯವಾದರೆ ಅನುಮತಿಯನ್ನೂ ಹಕ್ಕಿನಿಂದ ಕೇಳೋಣ. ಹಾಗೆ ಗುರುತಿಸಿದ ಹಂದಿಯನ್ನು ಗುರುತಿಸಿದ ವ್ಯಕ್ತಿ ಹಗಲಿನಲ್ಲಿ ಹೊಡೆಯುವುದು ಬೇಸಾಯದ ರಕ್ಷಣೆ. ಅದಕ್ಕೂ ಮೋಜಿನ ಬೇಟೆಗೂ ಅಜಗಜಾಂತರ. ಬೇಸಾಯಗಾರನ ಕಣ್ಣೀರನ್ನು ಮೋಜುಗಾರರು ತಮ್ಮ ಕೋವಿಗೆ ಎಣ್ಣೆಯಾಗಿ ಬಳಸಬಾರದು.

"ಬೇಟೆ ಇಲ್ಲದೆ ಒಕ್ಕದವರು ಒಂದಾಗುವುದು ಹೇಗೆ?" ಎಂಬ ಕೊರಗಿಗೂ ಕೊಡಗೇ ಉತ್ತರ ಕೊಟ್ಟಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕುಟುಂಬಗಳ ನಡುವಣ ಹಾಕಿಯನ್ನು ಆರಂಭಿಸಿದಾಗ ಆಡಿದ್ದು 60 ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಸೇರಿದ್ದು 360 ತಂಡಗಳು. ಅಜ್ಜನೂ ಮೊಮ್ಮಗನೂ ಸೊಸೆಯೂ ಒಂದೇ ತಂಡದಲ್ಲಿ ಓಡುವ ಆ ಮೈದಾನದಲ್ಲಿ ಬೇಟೆಯ ಎಲ್ಲ ಗುಣಗಳೂ ಇವೆ, ರಕ್ತ ಮಾತ್ರ ಇಲ್ಲ. ಕೈಲ್‌ಪೊಳ್ದ್‌ನಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವಿದೆ. ಅದನ್ನು ಇನ್ನಷ್ಟು ಬೆಳೆಸೋಣ, ಹೆಣ್ಣುಮಕ್ಕಳೂ ಗುರಿಯಿಡಲಿ. ಅನುಭವಿಗಳು ಪ್ರತಿ ಊರಿನಲ್ಲೂ ಕೋವಿ ಹಿಡಿಯುವ ಶಿಸ್ತನ್ನು ಕಲಿಸಲಿ. ತೆಂಗಿನಕಾಯಿಗೆ ತಾಯಿಯಿಲ್ಲ, ಮರಿಯಿಲ್ಲ. ಗುರಿ ತಪ್ಪಿದರೆ ನಗು, ತಾಗಿದರೆ ಚಪ್ಪಾಳೆ.

ಕೊನೆಯದಾಗಿ, ನನ್ನ ವಯಸ್ಸಿನವರಿಗೆ ಒಂದು ಮಾತು. ಹುಡುಗರನ್ನು ಬಯ್ಯುವ ಮೊದಲು ನಾವು ನಮ್ಮ ಮೌನವನ್ನು ನೋಡಿಕೊಳ್ಳಬೇಕು. ಅವರು ತಂದ ಮಾಂಸ ಎಲ್ಲಿಯದೆಂದು ಕೇಳದೆ ಊಟಕ್ಕೆ ಕುಳಿತವರಾರು? ಬೀಗ ಹಾಕಿದ ಕಪಾಟಿನ ಕೀಲಿಯನ್ನು ಕೇಳಿದೊಡನೆ ಕೊಟ್ಟವರಾರು? ಹಳೆಯ ಬೇಟೆಯಲ್ಲಿ ಹಿರಿಯನ ಒಂದು 'ಬೇಡ'ಕ್ಕೆ ಹತ್ತು ಕೋವಿಗಳು ಕೆಳಗಿಳಿಯುತ್ತಿದ್ದವು. ಸಂಪ್ರದಾಯದಲ್ಲಿ ಉಳಿಸಿಕೊಳ್ಳಬೇಕಾದ ಭಾಗ ಅದೇ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೆ ನೇಣು ಹಾಕಿಕೊಳ್ಳಬೇಕಾಗಿಲ್ಲ. ಅದರ ನೆರಳಿನಲ್ಲಿ ಕೂರಬಹುದು. ಮುಂದಿನ ಕೈಲ್‌ಪೊಳ್ದ್‌ಗೆ ಕೋವಿಯನ್ನು ತೊಳೆಯಿರಿ, ಹೂ ಮುಡಿಸಿರಿ, ಕಡಂಬುಟ್ಟು ಉಣ್ಣಿರಿ, ತೆಂಗಿನಕಾಯಿ ಹೊಡೆಯಿರಿ. ಆಮೇಲೆ ಕೋವಿಯನ್ನು ಒಳಗಿಟ್ಟು, ಕೀಲಿಯನ್ನು ಮನೆಯ ಹಿರಿಯರ ಕೈಗೆ ಕೊಡಿರಿ. ಹಿರಿಯರು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ.

ಎಲ್ಲರಿಗೂ ಒಳಿತಾಗಲಿ.