ತೂಕ ಸರಿ, ಗುರಿ ಎಲ್ಲಿ?

ಅಮೆರಿಕದ ರೈಫಲ್ ಹವ್ಯಾಸಿಗಳು ಖಾಲಿ ತೋಟಾಕ್ಕೆ ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ಬಳಸುತ್ತಾರೆ. ಮದ್ದಿನ ತೂಕಕ್ಕೆ ಗ್ರೇನ್ ಲೆಕ್ಕ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅದರಲ್ಲೂ ಹತ್ತನೇ ಒಂದು ಪಾಲು ಹೆಚ್ಚುಕಡಿಮೆಯಾದರೆ ಕೆಲವರಿಗೆ ರಾತ್ರಿ ನಿದ್ದೆಯಿಲ್ಲ. ನಮ್ಮೂರ ಅಕ್ಕಸಾಲಿಗರೂ ಕೈಮುಗಿಯಬೇಕು!

ಮದ್ದು ಮಿತಿಮೀರಿದರೆ ಬಂದೂಕೇ ಸಿಡಿದೀತು. ಆ ಎಚ್ಚರ ಬೇಕೇ ಬೇಕು. ಅದರಾಚೆಗಿನದು ಗೀಳು. ಗುರಿ ತಪ್ಪಿತೋ, ಹೊಸ ತಕ್ಕಡಿ ಖರೀದಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಡುಗುವ ಬೆರಳು, ಏರುವ ಉಸಿರು, ಬೀಸುವ ಗಾಳಿಯನ್ನು ಯಾವ ತಕ್ಕಡಿ ತೂಗೀತು?

ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬ ನೋಡಿ. ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕಾಯಿ ಒಡೆದರೆ ಊರೆಲ್ಲ ಚಪ್ಪಾಳೆ, ಮಿಲಿಗ್ರಾಂ ಕೇಳುವವರಿಲ್ಲ. ತೂಗುವುದು ಸಾಕು ಸ್ವಾಮಿ, ಸ್ವಲ್ಪ ಗುರಿಯನ್ನೂ ಅಭ್ಯಾಸ ಮಾಡಿ.