ನೂರೈವತ್ತು ಎಚ್‌ಪಿ ಸಾಕು

ಬೋರ್‌ವೆಲ್‌ಗೆ ಪಂಪ್ ತರಲು ಹೋದ ರೈತನನ್ನು ಅಂಗಡಿಯವನು ಮೊದಲು ಕೇಳುವುದು ಮೂರು ಪ್ರಶ್ನೆ. ನೀರು ಎಷ್ಟು ಅಡಿಗೆ ಸಿಕ್ಕಿದೆ, ಎಷ್ಟು ಇಂಚು ಬರುತ್ತಿದೆ, ಹೊಲ ಎಷ್ಟು ದೂರ. ಉತ್ತರ ಕೇಳಿದ ಮೇಲೆ ಐದು ಎಚ್‌ಪಿಯೋ, ಏಳೂವರೆಯೋ, ಹತ್ತೋ ಎಂಬ ತೀರ್ಮಾನ. ನೀರು ಎರಡಿಂಚು ಇರುವಲ್ಲಿ ಹದಿನೈದು ಎಚ್‌ಪಿ ಇಳಿಸಿದವನನ್ನು ಊರಲ್ಲಿ ಯಾರೂ ಶೂರ ಅನ್ನುವುದಿಲ್ಲ. ದುಡ್ಡು ಹೆಚ್ಚಾಗಿದೆ ಅನ್ನುತ್ತಾರೆ.

ಕಾರಿನ ಶೋರೂಮಿನಲ್ಲಿ ಈ ಮೂರು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಎಚ್‌ಪಿ ಅಂದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಅಷ್ಟೇ. ನನ್ನ ವಾದ ನೇರವಾಗಿದೆ. ನಮ್ಮ ರಸ್ತೆಯಲ್ಲಿ ಓಡಿಸುವ ಸ್ಪೋರ್ಟ್ಸ್ ಕಾರಿಗೆ, ಅದರ ತೂಕ ಒಂದೂಕಾಲು ಟನ್ ಮೀರದಿದ್ದರೆ, 150 ಎಚ್‌ಪಿ ಸಾಕು. ಅದರಾಚೆಗೆ ಕೊಳ್ಳುವುದು ವೇಗವನ್ನಲ್ಲ, ಬರೀ ಅಂಕಿಯನ್ನು.

ಇದನ್ನು ಹೇಳಲು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ನಡುವಿನ ನೆಲಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಒಂದು ತುದಿಯಲ್ಲಿ ಮಹೀಂದ್ರಾದ ಕಾರ್ಖಾನೆ. ಬೊಲೆರೊ, ಥಾರ್ ತಯಾರಾಗುವುದು ಅಲ್ಲಿ. ಇನ್ನೊಂದು ತುದಿಯಲ್ಲಿ ಶೇಂದ್ರಾದ ಕೈಗಾರಿಕಾ ವಸಾಹತು. ಊರಿನ ಹೆಸರು ಇನ್ನೂ ಔರಂಗಾಬಾದ್ ಆಗಿದ್ದಾಗ, 2001ರಿಂದ, ಸ್ಕೋಡಾ ತನ್ನ ಆಕ್ಟೇವಿಯಾವನ್ನು ಜೋಡಿಸತೊಡಗಿದ್ದು ಇಲ್ಲಿ. ನಡುವೆ ಸಮೃದ್ಧಿ ಮಹಾಮಾರ್ಗ: ಮುಂಬೈ–ನಾಗ್ಪುರ ನಡುವಿನ 701 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ, ಇಗತ್‌ಪುರಿ, ಸಿನ್ನರ್, ವೈಜಾಪುರಗಳ ಮೇಲೆ ಹಾದುಹೋಗುತ್ತದೆ. ಮೊದಲ ಹಂತ ತೆರೆದದ್ದು 2022ರ ಡಿಸೆಂಬರ್‌ನಲ್ಲಿ, ಕೊನೆಯದು 2025ರ ಜೂನ್‌ನಲ್ಲಿ. ಕಾರು ತಯಾರಿಸುವ ಊರುಗಳೂ ಇಲ್ಲಿವೆ, ಅವನ್ನು ಓಡಿಸಿ ನೋಡಬಹುದಾದ ಅಗಲ ರಸ್ತೆಯೂ ಇಲ್ಲಿದೆ. ದೊಡ್ಡ ಕಾರಿನ ಹುಚ್ಚೂ ಇಲ್ಲಿಗೆ ಹೊಸದಲ್ಲ. 2010ರ ಅಕ್ಟೋಬರ್‌ನಲ್ಲಿ ಔರಂಗಾಬಾದಿನ ಒಂದು ಗುಂಪು ಸುಮಾರು 65 ಕೋಟಿ ರೂಪಾಯಿಗೆ 150 ಮರ್ಸಿಡಿಸ್ ಬೆಂಜ್ ಕಾರುಗಳನ್ನು ಒಟ್ಟಿಗೆ ಖರೀದಿಸಿ ದೇಶವೇ ತಿರುಗಿ ನೋಡುವಂತೆ ಮಾಡಿತ್ತು. ನಮ್ಮದೂ ಒಂದು ಊರು ಅಂತ ತೋರಿಸುವುದಕ್ಕೆ ಅದು ಒಳ್ಳೆಯ ಉಪಾಯವೇ. ಅದನ್ನು ನಾನು ಗೇಲಿ ಮಾಡುವುದಿಲ್ಲ. ಆದರೆ ಅಂದು ಯಾರೂ ಆ ಕಾರುಗಳ ಎಚ್‌ಪಿ ಎಷ್ಟೆಂದು ಕೇಳಲಿಲ್ಲ ಎಂಬುದನ್ನೂ ಗಮನಿಸಿ. ಪ್ರತಿಷ್ಠೆಗೆ ಮೂತಿಯ ಮೇಲಿನ ನಕ್ಷತ್ರವೇ ಸಾಕಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ಸಮೃದ್ಧಿಯಲ್ಲಿ ಕಾರುಗಳಿಗೆ ವೇಗಮಿತಿ ಗಂಟೆಗೆ 120 ಕಿ.ಮೀ. ಒಂದೂವರೆ ಟನ್ ತೂಗುವ ಸಾಧಾರಣ ಆಕಾರದ ಕಾರನ್ನು ಸಮತಟ್ಟಿನಲ್ಲಿ ಈ ವೇಗದಲ್ಲಿ ಹಿಡಿದಿಡಲು ಎಷ್ಟು ಶಕ್ತಿ ಬೇಕು? ಗಾಳಿಯನ್ನು ಸೀಳಲು ಸುಮಾರು 19 ಎಚ್‌ಪಿ, ಟೈರುಗಳು ಉರುಳಲು ಏಳೆಂಟು, ಗೇರ್‌ಬಾಕ್ಸಿನಲ್ಲಿ ಸೋರಿಹೋಗುವುದು ಒಂದೆರಡು. ಒಟ್ಟು 30ರ ಆಸುಪಾಸು. ಅದೇ ಕಾರು ನೂರು ಮೀಟರಿಗೆ ಆರು ಮೀಟರ್ ಏರುವ ಘಾಟಿಯನ್ನು 60ರ ವೇಗದಲ್ಲಿ ಹತ್ತಿದರೂ ಹೆಚ್ಚುಕಡಿಮೆ ಅಷ್ಟೇ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದಕ್ಕೆ ಬೇಕಾದ ಶಕ್ತಿ ವೇಗದ ಘನದಂತೆ. ಹಾಗಾಗಿ 265 ಎಚ್‌ಪಿಯ ನಿಜವಾದ ಕೆಲಸ ಶುರುವಾಗುವುದು 200 ಕಿ.ಮೀ. ದಾಟಿದ ಮೇಲೆ. ಅಲ್ಲಿಗೆ ಹೋಗಲು ಈ ದೇಶದ ಯಾವ ರಸ್ತೆಯಲ್ಲೂ ಅನುಮತಿಯಿಲ್ಲ.

265 ಎಂಬ ಅಂಕಿಯನ್ನು ನಾನು ಸುಮ್ಮನೆ ಎತ್ತಿಕೊಂಡಿಲ್ಲ. 2025ರ ಮೇ ತಿಂಗಳಲ್ಲಿ 53 ಲಕ್ಷಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಗೂ, ಅದೇ ಅಕ್ಟೋಬರ್‌ನಲ್ಲಿ 49.99 ಲಕ್ಷಕ್ಕೆ ಬಂದ ಆಕ್ಟೇವಿಯಾ ಆರ್‌ಎಸ್‌ಗೂ ಇರುವುದು ಅಷ್ಟೇ. ಆಕ್ಟೇವಿಯಾ ಬಂದದ್ದು 100 ಕಾರು ಮಾತ್ರ, ಬುಕಿಂಗ್ ತೆರೆದ ಬೆನ್ನಿಗೇ ನೂರೂ ಮುಗಿದವು. ಗಾಲ್ಫ್ 0ಯಿಂದ 100ಕ್ಕೆ 5.9 ಸೆಕೆಂಡಿನಲ್ಲಿ ಹೋಗುತ್ತದೆ. ಅಂದರೆ ಟೋಲ್ ದಾಟಿ ಪೂರ್ತಿ ತುಳಿದರೆ ಹತ್ತು ಸೆಕೆಂಡಿನೊಳಗೆ, ಮೂರನೇ ಗೇರಿನಲ್ಲೇ, ಕಾನೂನಿನ ಮಿತಿ ಮುಗಿಯಿತು. ಇನ್ನೂ ನಾಲ್ಕು ಗೇರ್ ಉಳಿದಿವೆ, ಸಿನ್ನರ್ ತನಕದ ದಾರಿ ಉಳಿದಿದೆ, 235 ಕುದುರೆಗಳು ಲಾಯದಲ್ಲಿ ನಿಂತು ಹುಲ್ಲು ಮೇಯುತ್ತಿವೆ.

ಇದೇ ಆರ್‌ಎಸ್‌ನ ಮೊದಲ ಅವತಾರ ಭಾರತಕ್ಕೆ ಬಂದದ್ದು 2004ರಲ್ಲಿ. 1.8 ಲೀಟರ್ ಟರ್ಬೊ ಎಂಜಿನ್. ಯುರೋಪಿನಲ್ಲಿ ಅದಕ್ಕೆ 180 ಎಚ್‌ಪಿ, ನಮಗೆ ಕೊಟ್ಟದ್ದು 150. ಆಗ ಇದಕ್ಕೆ ಗೊಣಗಿದವರಿದ್ದರು. ಆದರೆ ಆ ಕಾರಿನ ಹೆಸರು ಹೇಳಿದರೆ ಈಗಲೂ ಕಾರಿನ ಹುಚ್ಚಿರುವ ನಲವತ್ತೈವತ್ತರ ಗಂಡಸರ ಮುಖ ಅರಳುತ್ತದೆ. ಅದನ್ನು ಯಾರೂ ನಿಧಾನದ ಕಾರು ಎಂದು ನೆನೆಯುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಅದರ ಶಕ್ತಿ 265ಕ್ಕೆ ಏರಿತು. ಓಡಿಸುವವನ ಕಣ್ಣು, ಕಾಲು, ತೀರ್ಮಾನದ ವೇಗ ಎಷ್ಟು ಏರಿದವು?

ನಿಜವಾದ ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಓವರ್‌ಟೇಕ್. ಯೇವಲಾ ಮೇಲಿನ ಹಳೆಯ ನಾಸಿಕ್ ರಸ್ತೆಯಲ್ಲಿ ಈರುಳ್ಳಿ ತುಂಬಿದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡವರಿಗೆ ಗೊತ್ತು, ಎದುರು ಲಾರಿ ಬರುವ ಮುನ್ನ ಬೇಗ ದಾಟುವ ಶಕ್ತಿ ಇದ್ದರೆ ಅದು ಜೀವ ಉಳಿಸುತ್ತದೆ. ಒಪ್ಪಿದೆ. 80ರಿಂದ 120ಕ್ಕೆ ಏರಲು 75 ಎಚ್‌ಪಿಯ ಬೊಲೆರೊಗೆ ಯುಗವೇ ಹಿಡಿಯುತ್ತದೆ. 150 ಎಚ್‌ಪಿಯ, 1,250 ಕಿಲೋ ಆಸುಪಾಸಿನ ಕಾರಿಗೆ ನನ್ನ ಲೆಕ್ಕದಲ್ಲಿ ಆರು ಸೆಕೆಂಡ್. 265 ಎಚ್‌ಪಿಯದಕ್ಕೆ ಮೂರೂವರೆ, ನಾಲ್ಕು. ಮೊದಲ ಜಿಗಿತ ಬದುಕಿನದು, ಎರಡನೆಯದು ಎರಡು ಸೆಕೆಂಡಿನದು. ಆ ಎರಡು ಸೆಕೆಂಡಿನ ಭರವಸೆಯಲ್ಲಿ, ದಾಟಬಾರದ ಕಡೆಯೂ ದಾಟಲು ಹೊರಡುವವನು ಅದೇ ಚಾಲಕ. ಶಕ್ತಿ ಜಾಸ್ತಿಯಾದಂತೆ ದಾಟಬಹುದು ಎನಿಸುವ ಸಂದುಗಳೂ ಜಾಸ್ತಿಯಾಗುತ್ತವೆ. ಲೆಕ್ಕ ಅಲ್ಲಿಗೆ ಸರಿಹೋಯಿತು.

ಓಡುವ ಲೆಕ್ಕ ಇಷ್ಟು. ನಿಲ್ಲುವ ಲೆಕ್ಕ ಬೇರೆ. 2023ರ ಅಕ್ಟೋಬರ್ 15ರ ರಾತ್ರಿ ವೈಜಾಪುರದ ಬಳಿ ಮಿನಿಬಸ್ಸೊಂದು ಮುಂದಿದ್ದ ಲಾರಿಗೆ ಗುದ್ದಿ ಹನ್ನೆರಡು ಜನ ಸತ್ತರು. ಮಿನಿಬಸ್ಸಿಗೆ ಎಚ್‌ಪಿ ಕಮ್ಮಿಯೇ. ಈ ರಸ್ತೆಯಲ್ಲಿ ಕೊಲ್ಲುವುದು ನಿಲ್ಲಲಾಗದಿರುವುದು ಎಂದು ತಿಳಿಯಲು ಇನ್ನೇನು ಬೇಕು? 120ರಲ್ಲಿ ಹೋಗುವ ಒಳ್ಳೆಯ ಕಾರು, ಚಾಲಕ ಒಂದು ಸೆಕೆಂಡಿನಲ್ಲಿ ಎಚ್ಚೆತ್ತರೆ, ಪೂರ್ತಿ ನಿಲ್ಲಲು ಸುಮಾರು 100 ಮೀಟರ್ ಬೇಕು. 160ರಲ್ಲಾದರೆ 170ರ ಹತ್ತಿರ. ರಾತ್ರಿ ಡಿಪ್ ಲೈಟಿನ ಬೆಳಕು ಅಷ್ಟು ದೂರ ಮುಟ್ಟುವುದಿಲ್ಲ. ಸಮೃದ್ಧಿಯಲ್ಲಿ ಅಪಘಾತಗಳು ಹೆಚ್ಚಿದಾಗ ಆರ್‌ಟಿಒದವರು ಟೈರು ಸವೆದ ಕಾರುಗಳನ್ನು ಪ್ರವೇಶದಲ್ಲೇ ತಡೆದು ವಾಪಸ್ ಕಳಿಸಲು ಶುರುಮಾಡಿದರು. ಇಡೀ ಹೆದ್ದಾರಿಯ ಬಗ್ಗೆ ಸರ್ಕಾರದ ಕಡೆಯಿಂದ ಬಂದ ಅತ್ಯಂತ ವಿವೇಕದ ಕ್ರಮ ಅದು ಎಂದು ನನ್ನ ಅಭಿಪ್ರಾಯ. ಎಂಜಿನ್ನಿನ ಶಕ್ತಿ, ಬ್ರೇಕಿನ ಹಿಡಿತ ಎಲ್ಲವೂ ಕೊನೆಗೆ ರಸ್ತೆ ಮುಟ್ಟುವುದು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳ ಮೂಲಕ. ಸ್ಟೇಜ್ ಒನ್ ರೀಮ್ಯಾಪ್‌ಗೆ ಐವತ್ತು ಸಾವಿರ ಸುರಿಯುವ ಹುಡುಗ ಟೈರ್ ಬದಲಿಸಲು ಮಾತ್ರ ಇನ್ನೊಂದು ಮಳೆಗಾಲ ಕಾಯುತ್ತಾನೆ. ಕಂಪನಿಯ ಮೂಲ ವಿನ್ಯಾಸ ಬದಲಾಗುವಂತೆ ವಾಹನವನ್ನು ತಿದ್ದಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಗ್ಯಾರೇಜುಗಳಿಗೆ ಅದು ಇನ್ನೂ ಕೇಳಿಸಿದಂತಿಲ್ಲ.

‘ಎಲ್ಲ ಸರಿ, ಮಜಾ?’ ಎಂದು ಕೇಳುವಿರಿ. ಕೇಳಬೇಕು. ಮಜಾ ಬೇಡದವರು ಸ್ಪೋರ್ಟ್ಸ್ ಕಾರಿನ ಮಾತೇ ಎತ್ತಬಾರದು. ನನ್ನ ತಕರಾರೇ ಮಜಾದ ಪರವಾಗಿ. ಸಂಭಾಜಿನಗರದಿಂದ ಉತ್ತರಕ್ಕೆ ವೇರೂಳ ದಾಟಿ ಹೋದರೆ ಕನ್ನಡ ಎಂಬ ಊರು ಸಿಗುತ್ತದೆ. ಹೌದು, ತಾಲ್ಲೂಕಿನ ಹೆಸರೇ ಕನ್ನಡ. ರಾಷ್ಟ್ರಕೂಟರು ಕೈಲಾಸ ಕೊರೆಸಿದ ನೆಲದಲ್ಲಿ ಆ ಹೆಸರು ಕಂಡಾಗ ನಮ್ಮವರಿಗೆ ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದೆ ಆಗುವುದಿಲ್ಲ. ಅದರಾಚೆ ಚಾಳೀಸ್‌ಗಾಂವ್ ಕಡೆ ಇಳಿಯುವುದು ಔಟ್ರಮ್ ಘಾಟಿ. ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 52. ತಿರುಗಿ ದಕ್ಷಿಣಕ್ಕೆ ಹಿಡಿದರೆ ಅದೇ ರಸ್ತೆ ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ಹಾದು ಅಂಕೋಲೆಯಲ್ಲಿ ಮುಗಿಯುತ್ತದೆ. ಔಟ್ರಮ್ ಇರಲಿ, ಅರಬೈಲ್ ಇರಲಿ, ಘಾಟಿಯ ತಿರುವುಗಳಲ್ಲಿ ಸಿಗುವುದು ಐವತ್ತೋ ನೂರೋ ಮೀಟರಿನ ನೇರ. 150 ಎಚ್‌ಪಿಯ ಹಗುರ ಕಾರಿನಲ್ಲಿ ಎರಡನೇ ಗೇರನ್ನು ಕೊನೆಯವರೆಗೆ ಎಳೆದು, ಬ್ರೇಕ್ ಹಾಕಿ, ಮತ್ತೆ ಎಳೆದು, ಕಾರಿನಲ್ಲಿರುವುದನ್ನೆಲ್ಲ ಬಳಸಬಹುದು. 265ರದ್ದರಲ್ಲಿ ಕಾಲು ಭಾಗ ತುಳಿಯುವಷ್ಟರಲ್ಲಿ ತಿರುವು ಬಂದಿರುತ್ತದೆ. ಉಳಿದ ಮುಕ್ಕಾಲು ಬಾಡಿಗೆಗೂ ಕೊಡದೆ ಬೀಗ ಹಾಕಿದ ಮಹಡಿ.

ಕಾರು ಮಾಡುವವರಿಗೆ ಇದು ಗೊತ್ತಿತ್ತು. 1989ರ ಮಾಜ್ದಾ ಮಿಯಾಟಾದಲ್ಲಿ ಇದ್ದದ್ದು 120 ಎಚ್‌ಪಿಗೂ ಕಮ್ಮಿ, ತೂಕ ಒಂದು ಟನ್ನಿಗೂ ಕಮ್ಮಿ. ಅದರ ವಂಶದಲ್ಲಿ ಹತ್ತು ಲಕ್ಷಕ್ಕೂ ಮೀರಿ ಕಾರುಗಳು ಮಾರಾಟವಾದವು. 1996ರ ಲೋಟಸ್ ಎಲೀಸ್‌ಗೆ 118 ಎಚ್‌ಪಿ, 725 ಕಿಲೋ ತೂಕ. ಜಪಾನಿನ ಕಂಪನಿಗಳು 1980ರ ದಶಕದ ಕೊನೆಯಿಂದ 2004ರವರೆಗೆ ತಮ್ಮ ದೇಶದಲ್ಲಿ ಮಾರುವ ಯಾವ ಕಾರಿಗೂ 280 ಎಚ್‌ಪಿ ಮೀರಿ ಘೋಷಿಸುವುದಿಲ್ಲ ಎಂದು ತಮ್ಮತಮ್ಮಲ್ಲೇ ಒಪ್ಪಿಕೊಂಡಿದ್ದವು. ಕೆಲವು ಕಾರುಗಳು ಒಳಗಿಂದೊಳಗೇ ಅದನ್ನು ಮೀರುತ್ತಿದ್ದವೆನ್ನಿ. ಆದರೂ ಪೈಪೋಟಿ ಎಂಜಿನ್ನಿನಿಂದ ಚಾಸಿಗೆ ತಿರುಗಿತು, ಜಪಾನಿನ ಅತ್ಯುತ್ತಮ ಸ್ಪೋರ್ಟ್ಸ್ ಕಾರುಗಳು ಹುಟ್ಟಿದ್ದೂ ಅದೇ ಕಾಲದಲ್ಲಿ.

ಈ ಮಾತಿಗೆ ಈಗ ಅವಸರ ಬಂದಿರುವುದು ಬ್ಯಾಟರಿ ಕಾರುಗಳಿಂದ. ಪೆಟ್ರೋಲ್ ಎಂಜಿನ್ನಿನಲ್ಲಿ ಶಕ್ತಿ ದುಬಾರಿ, ಹಾಗಾಗಿ ಬೆಲೆಯೇ ಒಂದು ಬೇಲಿಯಾಗಿತ್ತು. ಮಹೀಂದ್ರಾದ ಬಿಇ 6 ಕಾರಿನ ದೊಡ್ಡ ಬ್ಯಾಟರಿಯ ಮಾದರಿಗೆ 286 ಎಚ್‌ಪಿ. ಅರ್ಧ ಕೋಟಿಯ ಗಾಲ್ಫ್‌ಗಿಂತ ಹೆಚ್ಚು, ಅದೂ ಸಂಸಾರ ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ, ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ. ಬೇಲಿ ಬಿತ್ತು. ಮೊನ್ನೆ ಆಲ್ಟೊದಲ್ಲಿ ಎಂಟು ಹಾಕಿ ಲೈಸೆನ್ಸ್ ಪಡೆದ ಹದಿನೆಂಟರ ಹುಡುಗ ಇವತ್ತು ಇದನ್ನು ಕಾನೂನುಬದ್ಧವಾಗಿ ಓಡಿಸಬಹುದು. ನಮ್ಮ ಎಲ್‌ಎಂವಿ ಲೈಸೆನ್ಸಿಗೆ ಎರಡೂ ಒಂದೇ.

ಫೆರಾರಿ, ಲ್ಯಾಂಬೋರ್ಗಿನಿಗಳ ತವರಾದ ಇಟಲಿಯಲ್ಲಿ ಹಾಗಿಲ್ಲ. ಅಲ್ಲಿ ಹೊಸದಾಗಿ ಲೈಸೆನ್ಸ್ ಪಡೆದವರು ಮೊದಲ ಮೂರು ವರ್ಷ 105 ಕಿಲೋವ್ಯಾಟ್, ಅಂದರೆ ಸುಮಾರು 143 ಎಚ್‌ಪಿ ಮೀರಿದ ಕಾರನ್ನು ಓಡಿಸುವಂತಿಲ್ಲ. ಟನ್ನಿಗೆ 75 ಕಿಲೋವ್ಯಾಟ್ ಎಂಬ ಇನ್ನೊಂದು ಮಿತಿಯೂ ಇದೆ. 2024ರ ಡಿಸೆಂಬರ್‌ಗೆ ಮುಂಚೆ ಮಿತಿ ಇನ್ನೂ ಬಿಗಿಯಿತ್ತು, 70 ಕಿಲೋವ್ಯಾಟ್. ಅಪ್ಪನ ಹಣ ಎಷ್ಟೇ ಇರಲಿ, ಮೂರು ವರ್ಷ ಕಾಯಲೇಬೇಕು. ನಮ್ಮಲ್ಲಿ ಇಂಥ ನಿಯಮ ತರಲು ಹೊಸ ಇಲಾಖೆ ಬೇಕಿಲ್ಲ, ಹೊಸ ಯಂತ್ರವೂ ಬೇಕಿಲ್ಲ. ಕಾರಿನ ನೋಂದಣಿ ದಾಖಲೆಯಲ್ಲಿ ಅಶ್ವಶಕ್ತಿಯ ಕಾಲಂ ಇದೆ, ಖಾಲಿ ತೂಕದ ಕಾಲಂ ಇದೆ, ಲೈಸೆನ್ಸಿನಲ್ಲಿ ಕೊಟ್ಟ ದಿನಾಂಕ ಇದೆ. ಸಮೃದ್ಧಿಯ ಪ್ರವೇಶದಲ್ಲಿ ಟೈರ್ ನೋಡಲು ಬಗ್ಗುವ ಅಧಿಕಾರಿ ಈ ಮೂರನ್ನೂ ಮೊಬೈಲಿನಲ್ಲೇ ನೋಡಬಹುದು.